ತಂತಿ ಬೇಲಿಯ ಕಂಬ ವಾಲುವುದೇಕೆ?

ಹಳ್ಳಿಯ ಶಾಲೆಯೊಂದರ ಕೈತೋಟ. ಬಿಸಿಯೂಟಕ್ಕೆ ಬೇಕಾದ ಸೊಪ್ಪು, ಬದನೆ, ಟೊಮೇಟೊಗಳನ್ನು ಮಕ್ಕಳೇ ಬೆಳೆಸಿದ್ದರು. ಊರಿನವರು ಹಣ ಕೂಡಿಸಿ, ಏಪ್ರಿಲ್ ತಿಂಗಳಲ್ಲಿ ಕಲ್ಲುಕಂಬ ನೆಡಿಸಿ, ನಾಲ್ಕು ಸಾಲು ಮುಳ್ಳುತಂತಿ ಎಳೆಸಿಕೊಟ್ಟಿದ್ದರು. ಬೇಸಿಗೆಯಲ್ಲಿ ಬೇಲಿ ಬಿಗಿಯಾಗಿಯೇ ಇತ್ತು. ಮುಂಗಾರು ಹಿಡಿದ ಕೆಲವೇ ವಾರಗಳಲ್ಲಿ ತಂತಿಗಳು ಜೋತುಬಿದ್ದವು. ಒಂದು ರಾತ್ರಿ ದನಗಳು ನುಗ್ಗಿದವು. ಬೆಳಿಗ್ಗೆ ಮಕ್ಕಳು ಬಂದು ನೋಡಿದಾಗ ಮಡಿಗಳಲ್ಲಿ ಗೊರಸಿನ ಗುರುತುಗಳು ಮಾತ್ರ ಉಳಿದಿದ್ದವು.

ತಂತಿ ಕಳಪೆ ಎಂದರು ಕೆಲವರು. ಕಂಬ ನೆಟ್ಟವರು ಮೋಸ ಮಾಡಿದರು ಎಂದರು ಇನ್ನು ಕೆಲವರು. ಆದರೆ ಬೇಲಿಯ ಸುತ್ತ ಒಮ್ಮೆ ನಡೆದು ನೋಡಿದಾಗ ಒಂದು ವಿಷಯ ಕಣ್ಣಿಗೆ ಬಿತ್ತು. ನಡುವಿನ ಕಂಬಗಳೆಲ್ಲ ನೆಟ್ಟಗೆ ನಿಂತಿದ್ದವು. ನಾಲ್ಕು ಮೂಲೆಯ ಕಂಬಗಳು ಮಾತ್ರ ತೋಟದ ಒಳಕ್ಕೆ ವಾಲಿದ್ದವು. ಕಂಬಗಳೆಲ್ಲ ಒಂದೇ ಅಳತೆಯವು, ಒಂದೇ ಆಳಕ್ಕೆ ನೆಟ್ಟವು. ಹಾಗಿದ್ದರೂ ಮೂಲೆಯವೇ ಏಕೆ ಸೋತವು? ಅದೂ ಮಳೆಗಾಲದಲ್ಲೇ ಏಕೆ?

ಎಲ್ಲ ಕಂಬಗಳ ಕೆಲಸ ಒಂದೇ ಅಲ್ಲ

ಸಾಲಿನ ನಡುವೆ ಇರುವ ಕಂಬವನ್ನು ತಂತಿ ಎಡಕ್ಕೂ ಎಳೆಯುತ್ತದೆ, ಬಲಕ್ಕೂ ಎಳೆಯುತ್ತದೆ. ಎರಡು ಬಲಗಳೂ ಸಮ, ದಿಕ್ಕು ವಿರುದ್ಧ. ಆದ್ದರಿಂದ ಫಲಿತ ಬಲ ಸೊನ್ನೆ. ತಂತಿಯ ಎತ್ತರ ಕಾಯುವುದು, ದನ ಒರಗಿದಾಗ ತಡೆಯುವುದು, ಇಷ್ಟೇ ಅದರ ಕೆಲಸ. ಸಾಲಿನ ಕೊನೆಯ ಕಂಬಕ್ಕೆ ಆ ಸೌಕರ್ಯವಿಲ್ಲ. ಒಂದು ಕಡೆ ಎಳೆತ, ಇನ್ನೊಂದು ಕಡೆ ಬಯಲು. ಮೂಲೆಯ ಕಂಬವನ್ನು ಲಂಬ ಕೋನದಲ್ಲಿರುವ ಎರಡು ಸಾಲುಗಳು ಎಳೆಯುತ್ತವೆ. ಬಲಗಳ ಸಮಾಂತರ ಚತುರ್ಭುಜ ನಿಯಮದಂತೆ ಫಲಿತ ಬಲವು ಒಂದು ಸಾಲಿನ ಎಳೆತದ 1.41 ಪಟ್ಟು, ಅದರ ದಿಕ್ಕು ಕರ್ಣದ ಗುಂಟ, ತೋಟದ ಒಳಕ್ಕೆ. ಶಾಲೆಯ ಕಂಬಗಳು ವಾಲಿದ್ದೂ ಆ ಕಡೆಗೇ.

ಒಂದು ಲೆಕ್ಕ ಮಾಡೋಣ. ನೆಲದಿಂದ 30, 60, 90 ಮತ್ತು 120 ಸೆಂಟಿಮೀಟರ್ ಎತ್ತರದಲ್ಲಿ ನಾಲ್ಕು ತಂತಿಗಳಿವೆ, ಒಂದೊಂದರ ಎಳೆತ 1000 ನ್ಯೂಟನ್, ಅಂದರೆ ಸುಮಾರು 100 ಕಿಲೋಗ್ರಾಂ ತೂಕದಷ್ಟು ಎಂದಿಟ್ಟುಕೊಳ್ಳಿ. ಬಲವನ್ನು ದೂರದಿಂದ ಗುಣಿಸಿದರೆ ಬರುವುದು ಬಾಗಿಸುವ ಭ್ರಾಮಕ. ನೆಲಮಟ್ಟದಲ್ಲಿ ಕೊನೆಯ ಕಂಬದ ಮೇಲೆ ಇದರ ಮೊತ್ತ 1000 × (0.3 + 0.6 + 0.9 + 1.2) = 3000 ನ್ಯೂಟನ್-ಮೀಟರ್. ಇದರಲ್ಲಿ ಮೇಲಿನ ತಂತಿಯೊಂದರ ಪಾಲೇ 1200. ಬಂಡೆ ಮೀಟುವ ಹಾರೆಯನ್ನು ನೆನೆಸಿಕೊಳ್ಳಿ. ಹಾರೆಯ ತುದಿ ಹಿಡಿದಷ್ಟೂ ಮೀಟುವುದು ಸುಲಭ. ಮೇಲಿನ ತಂತಿ ಕಂಬವನ್ನು ಹಾಗೆಯೇ ಮೀಟುತ್ತದೆ.

ಮಳೆ ಮಾಡುವ ಎರಡು ಕೆಲಸ

ಬೇಲಿಯ ತಂತಿ ಉಕ್ಕಿನದು. ಉಕ್ಕು ಕಾದಾಗ ಹಿಗ್ಗುತ್ತದೆ, ತಣಿದಾಗ ಕುಗ್ಗುತ್ತದೆ. ಉಷ್ಣತೆ 1 ಡಿಗ್ರಿ ಸೆಲ್ಸಿಯಸ್ ಇಳಿದರೆ 1 ಮೀಟರ್ ತಂತಿ ಸುಮಾರು 0.012 ಮಿಲಿಮೀಟರ್ ಕುಗ್ಗುತ್ತದೆ. ಕೇಳಲು ಇದು ಅತ್ಯಲ್ಪ. ಆದರೆ 100 ಮೀಟರ್ ಉದ್ದದ ಸಾಲು 25 ಡಿಗ್ರಿ ತಣಿದರೆ ಕುಗ್ಗಬೇಕಾದದ್ದು 3 ಸೆಂಟಿಮೀಟರ್. ಎರಡೂ ತುದಿ ಕಟ್ಟಿರುವುದರಿಂದ ಅದು ಕುಗ್ಗಲಾರದು. ಬದಲಿಗೆ ಎಳೆತ ಹೆಚ್ಚುತ್ತದೆ. 2.5 ಮಿಲಿಮೀಟರ್ ದಪ್ಪದ ಒಂದು ಎಳೆಗೆ ಈ ಹೆಚ್ಚಳ ಸುಮಾರು 300 ನ್ಯೂಟನ್. ಮುಳ್ಳುತಂತಿಯಲ್ಲಿ ಹೊಸೆದ ಎರಡು ಎಳೆಗಳಿರುತ್ತವೆ.

ಏಪ್ರಿಲ್ ಮಧ್ಯಾಹ್ನದ ಬಿಸಿಲಲ್ಲಿ ಬಿಗಿದ ತಂತಿ ಮೊದಲ ಮಳೆಗೆ ತಟ್ಟನೆ ತಣಿಯುತ್ತದೆ, ಎಳೆತ ಏರುತ್ತದೆ. ಅದೇ ಮಳೆಯ ನೀರು ಕಂಬದ ಬುಡಕ್ಕೆ ಇಳಿದು ಮಣ್ಣಿನ ಕಣಗಳ ನಡುವಿನ ಹಿಡಿತವನ್ನು ಸಡಿಲಿಸುತ್ತದೆ. ಎಳೆಯುವ ಬಲ ಹೆಚ್ಚುವುದೂ ತಡೆಯುವ ಬಲ ತಗ್ಗುವುದೂ ಒಂದೇ ಗಳಿಗೆಯಲ್ಲಿ! ಕಂಬ ಸ್ವಲ್ಪ ವಾಲುತ್ತದೆ. ಮತ್ತೆ ಬಿಸಿಲು ಬಂದಾಗ ತಂತಿ ಹಿಗ್ಗುತ್ತದೆ. ಆದರೆ ವಾಲಿದ ಕಂಬ ತಾನಾಗಿ ಹಿಂದಕ್ಕೆ ಬರುವುದಿಲ್ಲ. ಆದ್ದರಿಂದ ತಂತಿ ಜೋಲುತ್ತದೆ.

ಇದರ ಮೇಲೆ ದನದ ಒತ್ತಡ. 3 ಮೀಟರ್ ಅಂತರದ ಎರಡು ಕಂಬಗಳ ನಡುವೆ ಹಸುವೊಂದು ತಂತಿಯನ್ನು 15 ಸೆಂಟಿಮೀಟರ್ ಪಕ್ಕಕ್ಕೆ ತಳ್ಳಿತು ಎನ್ನಿ. ಬಲಗಳನ್ನು ವಿಭಜಿಸಿ ನೋಡಿದರೆ ಆಗ ತಂತಿಯಲ್ಲಿರುವ ಎಳೆತವು ಹಸು ತಳ್ಳಿದ ಬಲದ ಐದು ಪಟ್ಟು ಇರುತ್ತದೆ. ಬಿಗಿಯಾದ ಬಟ್ಟೆ ಒಣಗಿಸುವ ಹಗ್ಗದ ನಡುವೆ ಒದ್ದೆ ಕಂಬಳಿ ಹಾಕಿದರೆ ಗೂಟ ಕಿತ್ತು ಬರುವುದೂ ಇದೇ ಕಾರಣಕ್ಕೆ.

ಕಲ್ಲಿನ ಬಲ, ಕಲ್ಲಿನ ದೌರ್ಬಲ್ಯ

ಒಂದು ಸೀಮೆಸುಣ್ಣದ ಕಡ್ಡಿ ತೆಗೆದುಕೊಳ್ಳಿ. ಅದನ್ನು ಮೇಜಿನ ಮೇಲೆ ನೆಟ್ಟಗೆ ನಿಲ್ಲಿಸಿ ಬೆರಳಿನಿಂದ ಒತ್ತಿ. ಅದು ಮುರಿಯುವುದಿಲ್ಲ. ಈಗ ಎರಡೂ ತುದಿ ಹಿಡಿದು ಬಾಗಿಸಿ. ಸುಲಭವಾಗಿ ಮುರಿಯುತ್ತದೆ. ಬಾಗಿದ ವಸ್ತುವಿನ ಒಂದು ಮೈ ಹಿಗ್ಗುತ್ತದೆ, ಎದುರಿನ ಮೈ ಕುಗ್ಗುತ್ತದೆ, ನಡುವಿನ ಪದರ ಹಿಗ್ಗುವುದೂ ಇಲ್ಲ, ಕುಗ್ಗುವುದೂ ಇಲ್ಲ. ಇದು ತಟಸ್ಥ ಪದರ. ಸೀಮೆಸುಣ್ಣದಂತೆ ಕಲ್ಲು ಕೂಡ ಒತ್ತಡವನ್ನು ಚೆನ್ನಾಗಿ ತಾಳುತ್ತದೆ, ಎಳೆತಕ್ಕೆ ಬೇಗ ಸೋಲುತ್ತದೆ. ಗ್ರಾನೈಟ್ ಚದರ ಮಿಲಿಮೀಟರಿಗೆ 100 ನ್ಯೂಟನ್‌ಗೂ ಹೆಚ್ಚು ಒತ್ತಡ ತಾಳುತ್ತದೆ. ಬಾಗಿಸಿದರೆ ಮಾತ್ರ ಸಾಮಾನ್ಯವಾಗಿ 10ರಿಂದ 20 ನ್ಯೂಟನ್‌ಗೇ ಸೀಳುತ್ತದೆ.

ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಜಿಲ್ಲೆಗಳಲ್ಲಿ ಕಲ್ಲುಕಂಬದ ಬೇಲಿ ಸಾಮಾನ್ಯ. ಬಂಡೆಯಲ್ಲಿ ಸಾಲಾಗಿ ತೂತು ಕೊರೆದು, ಬೆಣೆ ಇಟ್ಟು, ಸುತ್ತಿಗೆಯಿಂದ ಹೊಡೆದಾಗ ಬಂಡೆ ಗೆರೆ ಎಳೆದಂತೆ ಸೀಳುತ್ತದಲ್ಲವೆ? ಬೆಣೆ ಕಲ್ಲನ್ನು ಎರಡು ಬದಿಗೆ ಎಳೆಯುವುದರಿಂದ ಇದು ಸಾಧ್ಯ. ಮರಗಳು ವಿರಳವಾದ ಅಮೆರಿಕದ ಕಾನ್ಸಾಸ್ ಬಯಲಿನಲ್ಲೂ ಹತ್ತೊಂಬತ್ತನೆಯ ಶತಮಾನದ ರೈತರು ಹೀಗೆಯೇ ಸುಣ್ಣಕಲ್ಲನ್ನು ಸೀಳಿ ಬೇಲಿ ಕಂಬ ಮಾಡಿಕೊಂಡರು. ಜೋಸೆಫ್ ಗ್ಲಿಡನ್ 1874ರಲ್ಲಿ ಪೇಟೆಂಟ್ ಪಡೆದ ಮುಳ್ಳುತಂತಿಯನ್ನು ಕಟ್ಟಲು ಅವರಿಗೆ ಇದ್ದ ಕಂಬ ಅದೇ. ಆ ಕಂಬಗಳಲ್ಲಿ ಹಲವು ಇಂದಿಗೂ ನಿಂತಿವೆ.

ದಪ್ಪದ ಲೆಕ್ಕ

ಚೌಕ ಕಂಬದ ಬಾಗು ತಾಳಿಕೆ ಅದರ ದಪ್ಪದ ಘನಕ್ಕೆ ಅನುಪಾತದಲ್ಲಿರುತ್ತದೆ. ನಮ್ಮ 3000 ನ್ಯೂಟನ್-ಮೀಟರ್ ಭ್ರಾಮಕ 10 ಸೆಂಟಿಮೀಟರ್ ಚೌಕ ಕಂಬದ ಮೇಲೆ ಬಿದ್ದರೆ ಅದರ ಮೈಯಲ್ಲಿ ಚದರ ಮಿಲಿಮೀಟರಿಗೆ 18 ನ್ಯೂಟನ್ ಎಳೆತ ಉಂಟಾಗುತ್ತದೆ. ಕಲ್ಲು ಮುರಿಯುವ ಅಂಚಿನಲ್ಲಿದೆ ಎಂದಾಯಿತು. ಕಂಬ 15 ಸೆಂಟಿಮೀಟರ್ ಇದ್ದರೆ ಎಳೆತ 5.3 ನ್ಯೂಟನ್‌ಗೆ ಇಳಿಯುತ್ತದೆ. ದಪ್ಪ ಒಂದೂವರೆ ಪಟ್ಟು, ಬಲ ಸುಮಾರು ಮೂರೂಕಾಲು ಪಟ್ಟಿಗಿಂತ ಹೆಚ್ಚು. ಆದ್ದರಿಂದ ತಂದ ಕಲ್ಲುಗಳಲ್ಲಿ ದಪ್ಪನೆಯವನ್ನು ಆರಿಸಿ ಮೂಲೆಗೆ ಇಡಬೇಕು.

ಕಂಬದ ಅಡ್ಡಕೊಯ್ತ 10 × 15 ಸೆಂಟಿಮೀಟರ್ ಆಗಿದ್ದರೆ? ಮರದ ಅಳತೆಪಟ್ಟಿಯನ್ನು ಚಪ್ಪಟೆಯಾಗಿ ಹಿಡಿದು ಬಾಗಿಸಿ, ಬಳಿಕ ಅಂಚಿನ ಮೇಲೆ ನಿಲ್ಲಿಸಿ ಬಾಗಿಸಿ ನೋಡಿ. ಉತ್ತರ ಸಿಗುತ್ತದೆ. ಕಂಬದ 15 ಸೆಂಟಿಮೀಟರ್ ಅಳತೆ ಎಳೆತದ ದಿಕ್ಕಿಗೆ ಇರುವಂತೆ ನೆಟ್ಟರೆ, ಅದೇ ಕಲ್ಲು ಒಂದೂವರೆ ಪಟ್ಟು ಹೆಚ್ಚು ತಾಳುತ್ತದೆ. ಇದಕ್ಕೆ ಕಾಸಿನ ಖರ್ಚೂ ಇಲ್ಲ.

ಸಿಮೆಂಟ್ ಕಂಬ ಕೊಳ್ಳುವವರು ಇನ್ನೊಂದು ವಿಷಯ ತಿಳಿದಿರಬೇಕು. ಸಾಮಾನ್ಯ ಎಂ-20 ದರ್ಜೆಯ ಕಾಂಕ್ರೀಟು ಬಾಗಿಸಿದಾಗ ಚದರ ಮಿಲಿಮೀಟರಿಗೆ ಸುಮಾರು 3 ನ್ಯೂಟನ್ ಎಳೆತಕ್ಕೇ ಬಿರುಕು ಬಿಡುತ್ತದೆ. ಅದಕ್ಕಾಗಿ ಒಳಗೆ ಉಕ್ಕಿನ ಸರಳು. ಆದರೆ ಕಂಬದ ನಟ್ಟನಡುವೆ ಒಂದೇ ಸರಳು ಇಟ್ಟರೆ ಅದು ಇರುವುದು ತಟಸ್ಥ ಪದರದಲ್ಲಿ. ಕಂಬ ಬಿರುಕು ಬಿಡುವವರೆಗೆ ಅದಕ್ಕೆ ಕೆಲಸವೇ ಇಲ್ಲ. ನಾಲ್ಕು ಮೂಲೆಗಳ ಬಳಿ ತೆಳ್ಳನೆಯ ನಾಲ್ಕು ಸರಳು ಇಟ್ಟರೆ ಯಾವ ಕಡೆಯಿಂದ ಎಳೆದರೂ ಎರಡು ಸರಳು ಎಳೆತಕ್ಕೆ ಸಿದ್ಧ. ತುಕ್ಕು ಹಿಡಿಯದಂತೆ ಸರಳಿನ ಹೊರಗೆ ಎರಡು, ಎರಡೂವರೆ ಸೆಂಟಿಮೀಟರ್ ಕಾಂಕ್ರೀಟು ಇರಬೇಕು. ಅಚ್ಚು ಹಾಕಿದ ಮೇಲೆ ಕನಿಷ್ಠ 7 ದಿನ ಒದ್ದೆಯಾಗಿ ಇಡಬೇಕು. ನಾಗರಹೊಳೆಯ ಕಾಡಂಚಿನಲ್ಲಿ ಆನೆಗಳನ್ನು ತಡೆಯಲು ಹಳೆಯ ರೈಲು ಕಂಬಿಗಳಿಂದ ಬೇಲಿ ಕಟ್ಟಿದ್ದಾರೆ. ಆ ಕಂಬಿಯ ಆಕಾರ ಗಮನಿಸಿ. ತಟಸ್ಥ ಪದರದ ಬಳಿ ತೆಳು, ಎರಡು ಅಂಚುಗಳಲ್ಲಿ ದಪ್ಪ. ಉಕ್ಕು ಎಲ್ಲಿ ಬೇಕೋ ಅಲ್ಲಿದೆ.

ಮಣ್ಣಿನೊಳಗೆ ನಡೆಯುವುದೇನು?

ಕಂಬ ನೆಲಮಟ್ಟದಲ್ಲಿ ತಿರುಗುತ್ತದೆ ಎಂದು ನಾವು ಭಾವಿಸುತ್ತೇವೆ. ನಿಜವಾಗಿ ಅದು ತಿರುಗುವುದು ನೆಲದೊಳಗಿನ ಒಂದು ಬಿಂದುವಿನ ಸುತ್ತ. ಆ ಬಿಂದುವಿನ ಮೇಲಿನ ಭಾಗ ಎಳೆತದ ಕಡೆಗೆ ಸರಿಯುತ್ತದೆ, ಬುಡ ಹಿಂದಕ್ಕೆ ಒದೆಯುತ್ತದೆ. ಆದ್ದರಿಂದ ಮಣ್ಣಿನ ಆಸರೆ ಎರಡು ಕಡೆ ಬೇಕು: ನೆಲದ ಮಟ್ಟದ ಸನಿಹ ತಂತಿ ಎಳೆಯುವ ಬದಿಯಲ್ಲಿ, ಗುಂಡಿಯ ತಳದಲ್ಲಿ ಅದರ ವಿರುದ್ಧ ಬದಿಯಲ್ಲಿ. ಈ ಎರಡು ಜಾಗಗಳಲ್ಲಿ ಚಪ್ಪಟೆ ಕಲ್ಲು ನಿಲ್ಲಿಸಿ ಬಿಗಿದರೆ ಬಲ ಅಗಲವಾದ ಮಣ್ಣಿನ ಮೇಲೆ ಹಂಚಿಕೆಯಾಗುತ್ತದೆ.

ಆಳ ಹೆಚ್ಚಿದಂತೆ ಎದುರಿಸುವ ಮಣ್ಣಿನ ಪ್ರಮಾಣವೂ ಹೆಚ್ಚುತ್ತದೆ, ಅದರ ಸನ್ನೆಯ ತೋಳೂ ಉದ್ದವಾಗುತ್ತದೆ. ಹಾಗಾಗಿ ತಡೆಯುವ ಶಕ್ತಿ ಹೆಚ್ಚುಕಡಿಮೆ ಆಳದ ವರ್ಗಕ್ಕೆ ಅನುಪಾತದಲ್ಲಿ ಏರುತ್ತದೆ. 45 ಸೆಂಟಿಮೀಟರ್ ಬದಲು 60 ಸೆಂಟಿಮೀಟರ್ ನೆಟ್ಟರೆ ಹಿಡಿತ ಸುಮಾರು 1.8 ಪಟ್ಟು. ಗುಂಡಿ ಅಗಲವಾಗಿರಬಾರದು, ಆಳವಾಗಿರಬೇಕು. ಮಣ್ಣನ್ನು ಒಮ್ಮೆಗೇ ಸುರಿಯದೆ 15 ಸೆಂಟಿಮೀಟರಿಗೊಂದು ಪದರ ಹಾಕಿ ಹಾರೆಯಿಂದ ಜಡಿಯಬೇಕು. ಬುಡದ ಸುತ್ತ ಮಣ್ಣು ಏರಿಸಿ, ನೀರು ಹರಿದುಹೋಗುವಂತೆ ಇಳಿಜಾರು ಮಾಡಬೇಕು. ನೆನೆದಾಗ ಉಬ್ಬಿ, ಒಣಗಿದಾಗ ಬಾಯಿಬಿಡುವ ಎರೆಮಣ್ಣಿನಲ್ಲಿ ಇನ್ನೂ ಆಳಕ್ಕೆ ಹೋಗುವುದು ಲೇಸು.

ಮರದ ಕಂಬಕ್ಕೆ ನೆಲಮಟ್ಟದಲ್ಲಿ ಇನ್ನೊಂದು ಕಂಟಕ. ಕೊಳೆಸುವ ಶಿಲೀಂಧ್ರಗಳಿಗೆ ತೇವವೂ ಬೇಕು, ಗಾಳಿಯೂ ಬೇಕು. ಇವೆರಡೂ ಒಟ್ಟಿಗೆ ಸಿಗುವುದು ನೆಲಮಟ್ಟದ ಆಸುಪಾಸಿನಲ್ಲಿ. ಬಾಗು ಭ್ರಾಮಕ ಗರಿಷ್ಠವಾಗಿರುವುದೂ ಅಲ್ಲೇ. ಹಳೆಯ ಗೂಟಗಳು ಅಲ್ಲೇ ಮುರಿಯುವುದರಲ್ಲಿ ಆಶ್ಚರ್ಯವಿಲ್ಲ.

ಓರೆಗಲ್ಲಿನ ಆಸರೆ

ಮೂಲೆಯ ಕಂಬಕ್ಕೆ ತೋಟದ ಕಡೆಯಿಂದ, ಬೇಲಿಯ ಸಾಲಿನಲ್ಲೇ, ಒಂದೊಂದು ಕಲ್ಲನ್ನು ಓರೆಯಾಗಿ ಆನಿಸುವುದನ್ನು ನೀವು ನೋಡಿರಬಹುದು. ಇದು ಬಾಗುವ ಬಲವನ್ನು ಒತ್ತುವ ಬಲವಾಗಿ ಬದಲಿಸುತ್ತದೆ. ನಾಲ್ಕು ತಂತಿಗಳ 4000 ನ್ಯೂಟನ್ ಎಳೆತವನ್ನು ನೆಲಕ್ಕೆ 45 ಡಿಗ್ರಿ ಓರೆಯಾದ, 10 ಸೆಂಟಿಮೀಟರ್ ಚೌಕದ ಕಲ್ಲೊಂದೇ ತಾಳಿದರೂ ಅದರ ಮೇಲೆ ಬೀಳುವ ಒತ್ತಡ ಚದರ ಮಿಲಿಮೀಟರಿಗೆ ಕೇವಲ 0.57 ನ್ಯೂಟನ್. ಕಲ್ಲಿಗೆ ಇದು ಲೆಕ್ಕಕ್ಕೇ ಇಲ್ಲ.

ಆದರೆ ಓರೆಗಲ್ಲು ಕಂಬವನ್ನು ಮೇಲಕ್ಕೂ ಎತ್ತುತ್ತದೆ. 45 ಡಿಗ್ರಿಯಲ್ಲಿ ಈ ಎತ್ತುವ ಬಲ 4000 ನ್ಯೂಟನ್, 60 ಡಿಗ್ರಿಯಲ್ಲಿ ಸುಮಾರು 6900, 30 ಡಿಗ್ರಿಯಲ್ಲಿ 2300. 7 ಅಡಿ ಉದ್ದದ, 15 ಸೆಂಟಿಮೀಟರ್ ಚೌಕದ ಕಲ್ಲುಕಂಬದ ತೂಕ ಸುಮಾರು 1250 ನ್ಯೂಟನ್ ಮಾತ್ರ. ಉಳಿದದ್ದನ್ನು ಮಣ್ಣಿನ ಹಿಡಿತ ತಾಳಬೇಕು. ಆದ್ದರಿಂದ ಓರೆಗಲ್ಲು ನೆಟ್ಟಗಿರದೆ ಆದಷ್ಟು ಮಲಗಿದಂತಿರಲಿ. ಅದರ ಬುಡ ಹೂತಿಟ್ಟ ಚಪ್ಪಟೆ ಕಲ್ಲಿಗೆ ಆನಿಕೊಂಡಿರಲಿ.

ಮರ ಅಥವಾ ಕಬ್ಬಿಣದ ಕಂಬವಾದರೆ ಇನ್ನೊಂದು ವಿಧಾನವಿದೆ. ಕೊನೆಯ ಎರಡು ಕಂಬಗಳ ತಲೆಗಳ ನಡುವೆ ಅಡ್ಡಪಟ್ಟಿ ಕೊಟ್ಟು, ಕರ್ಣದ ಗುಂಟ ತಂತಿ ಬಿಗಿಯುವುದು. ಇಲ್ಲಿ ಬಹಳ ಜನ ಎಡವುತ್ತಾರೆ. ತಂತಿ ಕೊನೆಯ ಕಂಬದ ಬುಡದಿಂದ ಎರಡನೆಯ ಕಂಬದ ತಲೆಗೆ ಹೋಗಬೇಕು. ಅಡ್ಡಪಟ್ಟಿ ಎರಡನೆಯ ಕಂಬದ ತಲೆಯನ್ನು ತಳ್ಳುತ್ತದೆ. ಕರ್ಣದ ತಂತಿ ಅದನ್ನು ಹಿಂದಕ್ಕೆ ಹಿಡಿಯುತ್ತದೆ. ತಿರುಗಾಮುರುಗಾ ಕಟ್ಟಿದರೆ ಆ ತಂತಿ ಸಡಿಲವಾಗಿ ನೇತಾಡುತ್ತದೆ, ಅಷ್ಟೆ.

ತರಗತಿಯಲ್ಲಿ ಮಾಡಿ ನೋಡಿ

ಬಕೆಟ್ಟಿನಲ್ಲಿ ಒದ್ದೆ ಮರಳು ತುಂಬಿ ಒತ್ತಿ. ಒಂದು ಪೆನ್ಸಿಲನ್ನು 4 ಸೆಂಟಿಮೀಟರ್ ಆಳಕ್ಕೆ ನೆಟ್ಟು, ಮರಳಿನಿಂದ 8 ಸೆಂಟಿಮೀಟರ್ ಎತ್ತರದಲ್ಲಿ ದಾರ ಕಟ್ಟಿ, ಸ್ಪ್ರಿಂಗ್ ತಕ್ಕಡಿಯಿಂದ ಅಡ್ಡಲಾಗಿ ಎಳೆಯಿರಿ. ಪೆನ್ಸಿಲು ವಾಲಿದಾಗಿನ ಬಲ ಬರೆದುಕೊಳ್ಳಿ. ಬಳಿಕ ಮರಳನ್ನು ಮತ್ತೆ ಒತ್ತಿ 8 ಸೆಂಟಿಮೀಟರ್ ಆಳದಲ್ಲಿ ಪ್ರಯೋಗ ಮಾಡಿ. ದಾರದ ಎತ್ತರ ಬದಲಿಸಬೇಡಿ. ಬಲ ಎರಡು ಪಟ್ಟಾಯಿತೆ, ಅದಕ್ಕೂ ಹೆಚ್ಚಾಯಿತೆ? ಮೇಲೆ ಸುರಿದ ಸ್ವಲ್ಪ ನೀರು ಫಲಿತಾಂಶವನ್ನು ಹೇಗೆ ಬದಲಿಸುತ್ತದೆ?

ಶಾಲೆಯ ಮೂಲೆಯ ಕಂಬಗಳನ್ನು ಕಿತ್ತು, 75 ಸೆಂಟಿಮೀಟರ್ ಆಳಕ್ಕೆ ಮತ್ತೆ ನೆಟ್ಟು, ಒಂದೊಂದಕ್ಕೆ ಎರಡು ಓರೆಗಲ್ಲು ಕೊಡಲಾಯಿತು. ಹೊಸ ಕಂಬ ಕೊಳ್ಳಲಿಲ್ಲ; ಹಳೆಯ ತಂತಿಯನ್ನೇ, ಈ ಬಾರಿ ಬೆಳಗಿನ ತಂಪಿನಲ್ಲಿ, ಬಿಗಿಯಲಾಯಿತು. ಈಗ ಮಕ್ಕಳು ತಿಂಗಳಿಗೊಮ್ಮೆ ತೂಗುಗುಂಡು ಹಿಡಿದು ನಾಲ್ಕು ಮೂಲೆಗಳ ವಾಲಿಕೆಯನ್ನು ಅಳೆದು ನೋಟ್‌ಬುಕ್ಕಿನಲ್ಲಿ ಬರೆಯುತ್ತಾರೆ. ನಿಮ್ಮ ಶಾಲೆಗೂ ಬೇಲಿ ಇದ್ದರೆ ಮುಂದಿನ ಮಳೆಗೆ ಮುಂಚೆಯೇ ಮೊದಲ ಅಳತೆ ತೆಗೆದಿಡಿ.