ನವೀಕರಣೀಯ ವಿದ್ಯುತ್ ಸರ್ಟಿಫಿಕೇಟುಗಳೂ ಇಮ್ಮಡಿ ಲೆಕ್ಕದ ನಿವಾರಣೆಯೂ

(ಒಬ್ಬ ಕೃಷಿ ಇನ್‌ಸ್ಪೆಕ್ಟರು, ಎಲ್.ಎಜಿ.)

ಪ್ರಮಾಣಿತ ಬೀಜದ ಚೀಲಕ್ಕೆ ಹೊಲಿದಿರುವ ನೀಲಿ ಚೀಟಿಯನ್ನು ರೈತರೆಲ್ಲರೂ ಬಲ್ಲರು. ಚೀಲವನ್ನು ಬಿಚ್ಚಿ ಬಿತ್ತಿದ ಮೇಲೆ ಆ ಚೀಟಿಯ ಕೆಲಸವು ಮುಗಿಯಿತು. ಯಾರಾದರೂ ಅದನ್ನು ಕಿತ್ತು ಮತ್ತೊಂದು ಚೀಲಕ್ಕೆ ಹೊಲಿದು ಮಾರಿದರೆ, ಒಂದೇ ಪರೀಕ್ಷೆಯ ಬಲದಿಂದ ಎರಡು ಚೀಲಗಳಿಗೆ ಬೆಲೆ ತೆಗೆದಂತಾಗುವುದು. ಎರಡನೆಯ ಚೀಲವನ್ನು ಕೊಂಡವನ ಹೊಲದಲ್ಲಿ ಮೊಳಕೆಯು ಕಡಮೆಯಾದಾಗ ಮೋಸವು ಬಯಲಾಗಬಹುದು. ವಿದ್ಯುಚ್ಛಕ್ತಿಯ ವ್ಯಾಪಾರದಲ್ಲಿ ಇದೇ ಬಗೆಯ ಮೋಸವು ನಡೆದರೆ ಯಾವ ಹೊಲದಲ್ಲಿಯೂ ಅದು ಕಣ್ಣಿಗೆ ಬೀಳುವುದಿಲ್ಲ. ಪಾಳುಭೂಮಿಯಲ್ಲಿ ಸೂರ್ಯಶಕ್ತಿಯ ಫಲಕಗಳನ್ನಿಡಿಸುವ ಕರಾರುಗಳಿಗೆ ನಮ್ಮ ರೈತರೂ ರುಜು ಹಾಕುವ ಕಾಲವು ಬಂದಿರುವುದರಿಂದ ಈ ವಿಷಯವನ್ನು ಇಲ್ಲಿ ಸಂಗ್ರಹವಾಗಿ ವಿವರಿಸಲಾಗಿದೆ.

ಸರ್ಟಿಫಿಕೇಟು ಎಂದರೇನು?

ಹಾಲಿನ ಸಂಘದಲ್ಲಿ ಹತ್ತು ಮನೆಗಳ ಹಾಲನ್ನು ಒಂದೇ ಕ್ಯಾನಿಗೆ ಸುರಿದ ಮೇಲೆ ಯಾರ ಹಾಲು ಯಾವುದೆಂದು ಹೇಳಲಾಗದು. ಯಾರು ಎಷ್ಟು ತಂದರೆಂಬುದು ಸಂಘದ ಪುಸ್ತಕದಿಂದಲೇ ತಿಳಿಯತಕ್ಕದ್ದು. ತಂತಿಯಲ್ಲಿ ಹರಿಯುವ ವಿದ್ಯುತ್ತೂ ಹಾಗೆಯೇ. ಗಾಳಿಯಿಂದ ಬಂದುದನ್ನೂ ಕಲ್ಲಿದ್ದಲಿನಿಂದ ಬಂದುದನ್ನೂ ಬೇರ್ಪಡಿಸುವ ಉಪಾಯವಿಲ್ಲ. ಆದುದರಿಂದ ನವೀಕರಣೀಯ ಮೂಲದಿಂದ ಹುಟ್ಟಿದ ವಿದ್ಯುತ್ತಿಗೆ ಒಂದು ಪತ್ರವನ್ನು ಬರೆದು, ಆ ಪತ್ರವನ್ನೇ ಪ್ರತ್ಯೇಕವಾಗಿ ಮಾರುವ ಪದ್ಧತಿಯು ಏರ್ಪಟ್ಟಿತು. ನಮ್ಮ ದೇಶದಲ್ಲಿ ಕೇಂದ್ರ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗದವರು 2010ರಲ್ಲಿ ಇದಕ್ಕೆ ನಿಯಮಗಳನ್ನು ಮಾಡಿದರು. 2022ರಲ್ಲಿ ಹೊಸ ನಿಯಮಗಳು ಅವುಗಳ ಸ್ಥಾನದಲ್ಲಿ ಬಂದುವು. ಮೂಲ ಅಳತೆಯಲ್ಲಿ ಒಂದು ಸರ್ಟಿಫಿಕೇಟೆಂದರೆ ಒಂದು ಮೆಗಾವ್ಯಾಟ್-ಗಂಟೆ, ಅಂದರೆ 1,000 ಯೂನಿಟ್ಟು. ಮೋಟಾರಿನ ನಷ್ಟವನ್ನು ಬಿಟ್ಟು ಹೇಳುವುದಾದರೆ, 5 ಅಶ್ವಶಕ್ತಿಯ ಪಂಪನ್ನು ಸುಮಾರು 270 ಗಂಟೆಗಳ ಕಾಲ ನಡೆಯಿಸಲು ಇಷ್ಟು ವಿದ್ಯುತ್ತು ಬೇಕು.

ವಿದ್ಯುತ್ ಸರಬರಾಜು ಕಂಪೆನಿಗಳೂ ಕೆಲವು ದೊಡ್ಡ ಕಾರ್ಖಾನೆಗಳೂ ಗೊತ್ತುಪಡಿಸಿದಷ್ಟು ನವೀಕರಣೀಯ ವಿದ್ಯುತ್ತನ್ನು ಬಳಸಬೇಕೆಂಬ ನಿರ್ಬಂಧವುಂಟು. ಅಷ್ಟು ವಿದ್ಯುತ್ತು ದೊರೆಯದವರು ಸರ್ಟಿಫಿಕೇಟುಗಳನ್ನು ಕೊಂಡು ಆ ಕೊರತೆಯನ್ನು ತುಂಬಬಹುದು. ಈ ಹಣವು ಹೊಸ ಸ್ಥಾವರಗಳ ಏರ್ಪಾಟಿಗೆ ನೆರವಾಗಲೆಂಬುದೇ ಇದರ ಉದ್ದೇಶವು.

ಇಮ್ಮಡಿ ಲೆಕ್ಕವು ಹುಟ್ಟುವ ಬಗೆಗಳು

ಮೊದಲನೆಯದು, ಒಂದೇ ಉತ್ಪತ್ತಿಗೆ ಎರಡು ಕಡೆ ಪತ್ರ ಪಡೆಯುವುದು. ನಮ್ಮ ದೇಶದ ಸರ್ಟಿಫಿಕೇಟಲ್ಲದೆ ಅಂತರರಾಷ್ಟ್ರೀಯ ಸರ್ಟಿಫಿಕೇಟುಗಳೂ ಇರುವುದರಿಂದ ಇದಕ್ಕೆ ಅವಕಾಶವುಂಟಾಗುತ್ತದೆ.

ಎರಡನೆಯದು, ಒಂದೇ ಪತ್ರವನ್ನು ಇಬ್ಬರಿಗೆ ಮಾರುವುದು.

ಮೂರನೆಯದು, ವಿದ್ಯುತ್ತನ್ನು ಕೊಂಡ ಸರಬರಾಜು ಕಂಪೆನಿಯು ಅದನ್ನು ತನ್ನ ನಿರ್ಬಂಧದ ಲೆಕ್ಕಕ್ಕೆ ಸೇರಿಸಿಕೊಂಡಿರುವಾಗ, ಉತ್ಪಾದಕನು ಅದೇ ಯೂನಿಟ್ಟುಗಳ ಮೇಲೆ ಸರ್ಟಿಫಿಕೇಟನ್ನೂ ಪಡೆಯುವುದು.

ನಾಲ್ಕನೆಯದು ಎಲ್ಲಕ್ಕಿಂತಲೂ ಸೂಕ್ಷ್ಮವಾದುದು. ಪತ್ರವನ್ನು ಮಾರಿ ಹಣ ಪಡೆದವನೇ "ನಮ್ಮ ಮಾಲು ಸೂರ್ಯಶಕ್ತಿಯಿಂದ ತಯಾರಾದುದು" ಎಂದು ಬೋರ್ಡು ಹಾಕುವುದು. ಇಲ್ಲಿ ಸುಳ್ಳು ಪತ್ರವಿಲ್ಲ. ಆದರೂ ಕೊಂಡವನೂ ಮಾರಿದವನೂ ಒಂದೇ ವಸ್ತುವನ್ನು ತಮ್ಮದೆನ್ನುತ್ತಾರೆ.

ಇದರಿಂದಾಗುವ ಹಾನಿಯೇನು? 1,000 ಯೂನಿಟ್ಟನ್ನು ಎರಡು ಬಾರಿ ಎಣಿಸಿದರೆ ಪುಸ್ತಕದಲ್ಲಿ 2,000 ಕಾಣುವುದು. ಹೊಸದಾಗಿ ಉತ್ಪತ್ತಿಯಾಗಬೇಕಾಗಿದ್ದ ಉಳಿದ 1,000 ಯೂನಿಟ್ಟು ಉತ್ಪತ್ತಿಯಾಗುವುದೇ ಇಲ್ಲ. ಅಷ್ಟು ವಿದ್ಯುತ್ತಿಗಾಗಿ ಸುಮಾರು 600ರಿಂದ 700 ಕಿಲೋಗ್ರಾಂ ಕಲ್ಲಿದ್ದಲು ಎಲ್ಲಿಯೋ ಸುಡುತ್ತಲೇ ಇರುವುದು. ಅಲ್ಲದೆ, ಪತ್ರದಲ್ಲಿ ನಂಬಿಕೆಯು ಹೋದರೆ ಪ್ರಾಮಾಣಿಕನಾದ ಉತ್ಪಾದಕನಿಗೂ ಬೆಲೆ ಸಿಕ್ಕದು.

ನಿವಾರಣೋಪಾಯಗಳು

ನಮ್ಮ ದೇಶದ ಪದ್ಧತಿಯಲ್ಲಿ ಉತ್ಪಾದಕನ ಮಾತನ್ನೇ ನಂಬಿ ಪತ್ರ ಕೊಡುವುದಿಲ್ಲ. ಮೊದಲು ಸ್ಥಾವರವು ಮಾನ್ಯತೆಯನ್ನೂ ಆ ಬಳಿಕ ನೋಂದಣಿಯನ್ನೂ ಪಡೆಯಬೇಕು. ಮೀಟರಿನ ಲೆಕ್ಕವನ್ನು ಅಧಿಕೃತವಾಗಿ ತಾಳೆ ನೋಡಿದ ಮೇಲೆ ರಾಷ್ಟ್ರೀಯ ಲೋಡ್ ಡಿಸ್ಪ್ಯಾಚ್ ಕೇಂದ್ರದವರು ಸರ್ಟಿಫಿಕೇಟನ್ನು ವಿದ್ಯುನ್ಮಾನ ಲೆಕ್ಕದಲ್ಲಿ ಜಮಾ ಮಾಡುವರು. ಮಾರಾಟವಾದೊಡನೆ ಅದು ಮಾರಿದವನ ಖಾತೆಯಿಂದ ಕಳೆದುಹೋಗುವುದು. ನಿರ್ಬಂಧಕ್ಕಾಗಿ ಒಪ್ಪಿಸಿದ ಮೇಲೆ ಮತ್ತೆ ಮಾರಾಟಕ್ಕೆ ಬಾರದು. ನಿರ್ಬಂಧದ ಲೆಕ್ಕಕ್ಕಾಗಿ ಸರಬರಾಜು ಕಂಪೆನಿಗೆ ಮಾರಿದ ವಿದ್ಯುತ್ತಿಗೆ ಉತ್ಪಾದಕನಿಗೆ ಸರ್ಟಿಫಿಕೇಟಿಲ್ಲ.

ಕಬ್ಬು ಬೆಳೆಗಾರರು ಇಲ್ಲಿ ಒಂದು ವಿಶೇಷವನ್ನು ತಿಳಿಯತಕ್ಕದ್ದು. 2022ರ ನಿಯಮಗಳು ಹೊಸ ಸ್ಥಾವರಗಳಿಗೆ ಗುಣಕವೊಂದನ್ನು ಗೊತ್ತುಮಾಡಿದುವು. ಸೂರ್ಯಶಕ್ತಿಗೂ ನೆಲದ ಮೇಲಿನ ಗಾಳಿಯಂತ್ರಕ್ಕೂ ಅದು 1. ಕಬ್ಬಿನ ಸಿಪ್ಪೆಯಂತಹ ಉರುವಲಿನಿಂದ ನಡೆಯುವ ಸಹ-ಉತ್ಪಾದನೆಗೆ 2. ಇದು ಮೋಸದ ಇಮ್ಮಡಿಯಲ್ಲ, ಬಹಿರಂಗವಾದ ಪ್ರೋತ್ಸಾಹವು. ಆದರೆ ಅಂತಹ ಕಾರ್ಖಾನೆಯ ಎರಡು ಪತ್ರಗಳನ್ನು ನೋಡಿ 2,000 ಯೂನಿಟ್ಟು ಹುಟ್ಟಿತೆಂದು ಬರೆದುಕೊಂಡರೆ ಲೆಕ್ಕವು ತಪ್ಪುವುದು.

ಯೂರೋಪಿನಲ್ಲಿ ಮತ್ತೊಂದು ಉಪಾಯವಿದೆ. ಪತ್ರಗಳ ಮೂಲಕ ಮಾರಿಹೋದ ಭಾಗವನ್ನು ಕಳೆದು, ಉಳಿದ ವಿದ್ಯುತ್ತಿನ ಮಿಶ್ರಣವನ್ನು ಪ್ರತಿವರ್ಷವೂ ಲೆಕ್ಕ ಹಾಕುವರು. ಪತ್ರವಿಲ್ಲದ ಗ್ರಾಹಕನು ಆ ಉಳಿಕೆಯನ್ನೇ ತನ್ನದೆನ್ನಬೇಕು. ಕೆನೆಯನ್ನು ಮಾರಿದವನು ಉಳಿದುದನ್ನು ಗಟ್ಟಿಹಾಲೆನ್ನಲಾಗದಷ್ಟೆ. ಐಸ್‌ಲೆಂಡ್ ದೇಶದ ವಿದ್ಯುತ್ತು ಬಹುಮಟ್ಟಿಗೆ ಜಲಶಕ್ತಿಯಿಂದಲೂ ಭೂಗರ್ಭದ ಶಾಖದಿಂದಲೂ ಹುಟ್ಟುತ್ತದೆ. ಅದರ ಪತ್ರಗಳು ಹೊರದೇಶಗಳಿಗೆ ಮಾರಿಹೋಗುತ್ತಿರಲು, ಒಳನಾಡಿನ ಗ್ರಾಹಕರೂ ಅದೇ ವಿದ್ಯುತ್ತನ್ನು ತಮ್ಮ ಲೆಕ್ಕಕ್ಕೆ ಹಿಡಿಯುತ್ತಿರುವರೆಂಬ ಶಂಕೆಯುಂಟಾಗಿ, 2023ರ ಏಪ್ರಿಲ್‌ನಲ್ಲಿ ಆ ಪತ್ರಗಳ ರಫ್ತನ್ನು ಕೆಲಕಾಲ ತಡೆಹಿಡಿಯಲಾಯಿತು.

ರೈತರು ಗಮನಿಸತಕ್ಕ ಅಂಶಗಳು

2019ರಲ್ಲಿ ಆರಂಭವಾದ ಪಿಎಂ-ಕುಸುಮ್ ಯೋಜನೆಯ ಮೊದಲನೆಯ ಭಾಗದಲ್ಲಿ ರೈತರೂ ಅವರ ಸಂಘಗಳೂ 500 ಕಿಲೋವ್ಯಾಟಿನಿಂದ 2 ಮೆಗಾವ್ಯಾಟಿನವರೆಗಿನ ಸ್ಥಾವರಗಳನ್ನು ಹಾಕಲು ಅವಕಾಶವಾಯಿತು. ಅಂತಹ ವಿದ್ಯುತ್ತನ್ನು ಕೊಂಡ ಸರಬರಾಜು ಕಂಪೆನಿಯು ಅದನ್ನು ತನ್ನ ನಿರ್ಬಂಧದ ಲೆಕ್ಕಕ್ಕೆ ಸೇರಿಸಿಕೊಳ್ಳುವುದು. ಹೀಗಿರಲಾಗಿ, "ಇದರ ಮೇಲೆ ನಿಮಗೆ ಬೇರೆ ಸರ್ಟಿಫಿಕೇಟು ಕೊಡಿಸುತ್ತೇವೆ" ಎಂದು ಮುಂಗಡ ಕೇಳುವವರ ಮಾತಿಗೆ ಮರುಳಾಗಬಾರದು.

ಯಾವ ಕರಾರಿಗೇ ಆಗಲಿ ರುಜು ಹಾಕುವ ಮುನ್ನ ಮೂರು ಸಂಗತಿಗಳನ್ನು ಓದಿಸಿ ಕೇಳತಕ್ಕದ್ದು: ವಿದ್ಯುತ್ತು ಯಾರಿಗೆ ಸೇರುವುದು, ಅದರ ನವೀಕರಣೀಯ ಗುಣದ ಹಕ್ಕು ಯಾರಿಗೆ ಸೇರುವುದು, ಆ ಹಕ್ಕಿಗೆ ಪ್ರತ್ಯೇಕ ಬೆಲೆಯುಂಟೇ, ಇಲ್ಲವೇ ವಿದ್ಯುತ್ತಿನ ದರದಲ್ಲಿಯೇ ಅದು ಅಡಕವಾಗಿದೆಯೇ. ಮೀಟರಿನ ಮಾಸಿಕ ಲೆಕ್ಕದ ನಕಲನ್ನು ತಪ್ಪದೆ ಇಟ್ಟುಕೊಳ್ಳಬೇಕು. ಹಕ್ಕನ್ನು ಮಾರಿದ ಸಂಘವು ತನ್ನ ಬೆಲ್ಲದ ಪೊಟ್ಟಣದ ಮೇಲೆ ಸೂರ್ಯಶಕ್ತಿಯ ಹೆಸರನ್ನು ಅಚ್ಚು ಹಾಕಿಸಬಾರದು.

ಕಣದಲ್ಲಿ ರಾಶಿಯನ್ನು ಅಳೆಯುವಾಗ ಒಂದು ಕೊಳಗವನ್ನು ಎರಡು ಬಾರಿ ಎಣಿಸಿದರೆ ಕಾಳು ಹೆಚ್ಚುವುದಿಲ್ಲ. ಆಷಾಢದಲ್ಲಿ ಕಣಜವು ಬರಿದಾದಾಗ ನಿಜವು ತಿಳಿಯುತ್ತದೆ. ವಿದ್ಯುತ್ತಿನ ರಾಶಿಯನ್ನೂ ಇದೇ ಎಚ್ಚರಿಕೆಯಿಂದ ಒಂದೇ ಬಾರಿ ಅಳೆಯತಕ್ಕದ್ದೆಂದು ರೈತ ಮಹಾಶಯರಲ್ಲಿ ವಿಜ್ಞಾಪನೆ.