ಪೇಟೆಂಟ್ ರಾಶಿಯಲ್ಲಿ ಗಟ್ಟಿ ಎಷ್ಟು, ಜೊಳ್ಳು ಎಷ್ಟು?

ಗಾಯಕ್ಕೆ ಅರಿಶಿನ ಹಚ್ಚಿದರೆ ಬೇಗ ಮಾಯುತ್ತದೆ ಎಂಬುದು ನಮ್ಮ ಮನೆಮನೆಗೂ ಗೊತ್ತಿರುವ ಸಂಗತಿ. ಆದರೆ 1995ರ ಮಾರ್ಚ್‌ನಲ್ಲಿ ಅಮೆರಿಕದ ಪೇಟೆಂಟ್ ಕಚೇರಿ ಇದನ್ನು ಹೊಸ ಆವಿಷ್ಕಾರವೆಂದು ಒಪ್ಪಿ, ಮಿಸಿಸಿಪ್ಪಿ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರಕ್ಕೆ ಪೇಟೆಂಟ್ ಕೊಟ್ಟಿತು! ನಮ್ಮ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿ (ಸಿಎಸ್‌ಐಆರ್) ಹಳೆಯ ಬರಹಗಳನ್ನು ಸಾಕ್ಷಿಯಾಗಿ ಮುಂದಿಟ್ಟು ಆಕ್ಷೇಪಿಸಿತು. 1997ರಲ್ಲಿ ಆ ಪೇಟೆಂಟ್ ರದ್ದಾಯಿತು.

ರದ್ದಾಗುವವರೆಗೆ ಲೆಕ್ಕದ ಪುಸ್ತಕದಲ್ಲಿ ಅದೂ ಒಂದು ಪೇಟೆಂಟೇ. ಲಕ್ಷಾಂತರ ಜೀವ ಉಳಿಸುವ ಯಂತ್ರದ್ದೂ ಒಂದು ಪೇಟೆಂಟೇ. ಹಾಗಾದರೆ ಯಾವುದು ಗಟ್ಟಿ, ಯಾವುದು ಜೊಳ್ಳು ಎಂದು ಕೇರಿ ನೋಡುವುದು ಹೇಗೆ? ಅರ್ಥಶಾಸ್ತ್ರಜ್ಞರು ಹಲವು ದಶಕಗಳಿಂದ ತಲೆ ಕೆಡಿಸಿಕೊಂಡಿರುವ ಪ್ರಶ್ನೆ ಇದು.

ಪೇಟೆಂಟ್ ಎಂದರೆ ಸರ್ಕಾರ ಮತ್ತು ಆವಿಷ್ಕಾರಕನ ನಡುವಿನ ಒಂದು ಕರಾರು. ಆತ ತನ್ನ ಗುಟ್ಟನ್ನು ಬಿಚ್ಚಿಡಬೇಕು. ಪ್ರತಿಯಾಗಿ 20 ವರ್ಷಗಳ ಏಕಸ್ವಾಮ್ಯ ಸಿಗುತ್ತದೆ. ಹೊಸದೇ, ಬುದ್ಧಿವಂತಿಕೆಯ ಹೆಜ್ಜೆ ಇದೆಯೇ, ಉಪಯೋಗಕ್ಕೆ ಬರುತ್ತದೆಯೇ ಎಂಬುದನ್ನಷ್ಟೇ ಪೇಟೆಂಟ್ ಕಚೇರಿ ನೋಡುತ್ತದೆ. ಎಷ್ಟು ಉಪಯೋಗ, ಎಷ್ಟು ಬೆಲೆ ಎಂದು ತೂಗುವುದು ಅದರ ಕೆಲಸವಲ್ಲ.

ನವೀಕರಣದ ಒರೆಗಲ್ಲು

ಪೇಟೆಂಟ್ ಜೀವಂತವಾಗಿರಬೇಕಾದರೆ ನವೀಕರಣ ಶುಲ್ಕ ಕಟ್ಟುತ್ತಿರಬೇಕು. ನಮ್ಮಲ್ಲಿ ಮೂರನೆಯ ವರ್ಷದಿಂದ ಈ ಶುಲ್ಕ ಆರಂಭವಾಗುತ್ತದೆ. ವರ್ಷ ಕಳೆದಂತೆ ಹೆಚ್ಚುತ್ತದೆ. ಲಾಭದ ಆಸೆ ಇಲ್ಲದವನು ಕೈಯಿಂದ ಹಣ ಏಕೆ ಕಟ್ಟಿಯಾನು? ಈ ಸರಳ ತರ್ಕವನ್ನು ಹಿಡಿದು ಮಾರ್ಕ್ ಶಾಂಕರ್‌ಮನ್ ಮತ್ತು ಏರಿಯಲ್ ಪೇಕ್ಸ್ ಎಂಬ ಅರ್ಥಶಾಸ್ತ್ರಜ್ಞರು ಬ್ರಿಟನ್, ಫ್ರಾನ್ಸ್ ಮತ್ತು ಜರ್ಮನಿಯ ದಾಖಲೆಗಳನ್ನು ಜಾಲಾಡಿ 1986ರಲ್ಲಿ ತಮ್ಮ ಅಧ್ಯಯನ ಪ್ರಕಟಿಸಿದರು. ಬಹುಪಾಲು ಪೇಟೆಂಟ್‌ಗಳ ಬೆಲೆ ತೀರಾ ಅಲ್ಪ. ಒಟ್ಟು ಮೌಲ್ಯದ ಹೆಚ್ಚಿನ ಭಾಗ ಕೆಲವೇ ಕೆಲವು ಪೇಟೆಂಟ್‌ಗಳಲ್ಲಿ ಅಡಗಿದೆ ಎಂಬುದು ಅವರು ಕಂಡ ಸತ್ಯ.

ಈ ಒರೆಗಲ್ಲಿಗೂ ಒಂದು ಮಿತಿ ಇದೆ. ಕೊನೆಯವರೆಗೂ ಶುಲ್ಕ ಕಟ್ಟಿದ ಎರಡು ಪೇಟೆಂಟ್‌ಗಳಲ್ಲಿ ಒಂದು ಲಕ್ಷದ್ದೋ, ಇನ್ನೊಂದು ನೂರು ಕೋಟಿಯದ್ದೋ ಎಂದು ಅದು ಹೇಳಲಾರದು.

ಹೆಸರು ಹೇಳುವವರೆಷ್ಟು?

ಎರಡನೆಯ ಅಳತೆ ಉಲ್ಲೇಖದ್ದು. ಹೊಸ ಪೇಟೆಂಟ್‌ನ ದಾಖಲೆಯಲ್ಲಿ, ಅದಕ್ಕೆ ಹಿಂದೆ ಆದ ಕೆಲಸಗಳನ್ನು ಹೆಸರಿಸುವ ಪದ್ಧತಿಯಿದೆ. ಮುಂದಿನವರು ಮತ್ತೆ ಮತ್ತೆ ಹೆಸರಿಸುವ ಪೇಟೆಂಟ್ ಹಲವು ಕವಲುಗಳಿಗೆ ಬೇರಾಗಿದೆ ಎಂದರ್ಥ.

ಇಸ್ರೇಲಿನ ಮಾನ್ಯುಯೆಲ್ ಟ್ರಾಜ್ಟೆನ್‌ಬರ್ಗ್ ಇದನ್ನು ಸಿಟಿ ಸ್ಕ್ಯಾನರ್ ಮೇಲೆ ಪ್ರಯೋಗಿಸಿದರು. ಬ್ರಿಟನ್ನಿನ ಇಎಂಐ ಕಂಪನಿಯ ಎಂಜಿನಿಯರ್ ಗಾಡ್‌ಫ್ರಿ ಹೌನ್ಸ್‌ಫೀಲ್ಡ್ ರೂಪಿಸಿದ ಈ ಯಂತ್ರದಿಂದ 1971ರಲ್ಲಿ ಲಂಡನ್ನಿನ ಆಸ್ಪತ್ರೆಯೊಂದರಲ್ಲಿ ಮೊದಲ ರೋಗಿಯ ಮಿದುಳಿನ ಚಿತ್ರ ತೆಗೆಯಲಾಯಿತು. 1979ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿಯೂ ಬಂತು. ಅಲ್ಲಿಂದ ಮುಂದೆ ಹತ್ತಾರು ಕಂಪನಿಗಳು ಸ್ಕ್ಯಾನರ್ ಕುರಿತ ಪೇಟೆಂಟ್‌ಗಳನ್ನು ಪಡೆದವು. 1990ರಲ್ಲಿ ಹೊರಬಂದ ಟ್ರಾಜ್ಟೆನ್‌ಬರ್ಗ್ ಅಧ್ಯಯನದ ಸಾರ ಇಷ್ಟು: ಬರೀ ಪೇಟೆಂಟ್ ಸಂಖ್ಯೆ, ಸಂಶೋಧನೆಗೆ ಎಷ್ಟು ಖರ್ಚಾಯಿತು ಎಂಬುದನ್ನು ತೋರಿಸುತ್ತದೆ. ಸಮಾಜಕ್ಕೆ ಎಷ್ಟು ಪ್ರಯೋಜನವಾಯಿತು ಎಂದು ತಿಳಿಯಬೇಕಾದರೆ ಉಲ್ಲೇಖಗಳನ್ನೂ ಸೇರಿಸಿ ತೂಗಬೇಕು.

ಆದರೆ ಉಲ್ಲೇಖಗಳು ಕೂಡಿಬರಲು ವರ್ಷಗಳೇ ಬೇಕು. ಎಲೆಕ್ಟ್ರಾನಿಕ್ಸ್‌ನಲ್ಲಿ ಒಂದು ರೂಢಿ, ಔಷಧದಲ್ಲಿ ಇನ್ನೊಂದು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವಂತಿಲ್ಲ.

ಸಂತೆಯ ಬೆಲೆ

ಮಾರುಕಟ್ಟೆಯನ್ನೇ ಕೇಳಿದರೆ? 2011ರಲ್ಲಿ ದಿವಾಳಿಯಾಗಿದ್ದ ಕೆನಡಾದ ನಾರ್ಟೆಲ್ ಕಂಪನಿಯ ಸುಮಾರು 6,000 ಪೇಟೆಂಟ್‌ಗಳು ಹರಾಜಿನಲ್ಲಿ 450 ಕೋಟಿ ಡಾಲರ್‌ಗೆ ಹೋದವು. ಇದನ್ನು ಕಂಡ ಕೊಡಾಕ್ ಕಂಪನಿಯೂ ಆಸೆಪಟ್ಟಿತು. ಅದರ ಸುಮಾರು 1,100 ಡಿಜಿಟಲ್ ಚಿತ್ರಣ ಪೇಟೆಂಟ್‌ಗಳಿಗೆ 200 ಕೋಟಿ ಡಾಲರ್‌ಗೂ ಮಿಕ್ಕಿ ಬೆಲೆಯಿದೆ ಎಂದು ತಜ್ಞರು ಅಂದಾಜು ಕಟ್ಟಿದ್ದರು. 2012ರ ಕೊನೆಯಲ್ಲಿ ಕುದುರಿದ ವ್ಯಾಪಾರ ಸುಮಾರು 52 ಕೋಟಿ ಡಾಲರ್‌ನದು ಮಾತ್ರ! ಕೊಳ್ಳುವವರ ಗರಜು, ಮಾರುವವನ ಕಷ್ಟ ಇವೆಲ್ಲ ಸೇರಿ ಬೆಲೆ ನಿಗದಿಯಾಗುತ್ತದೆ. ಅದು ಆವಿಷ್ಕಾರದ ಗುಣದ ಅಳತೆಯಲ್ಲ.

ಗುಣವಿದ್ದರೂ ಬೆಲೆ ತಡವಾಗಿ ಬರಬಹುದು. ಚೆಸ್ಟರ್ ಕಾರ್ಲ್‌ಸನ್ 1938ರಲ್ಲಿ ಜೆರಾಕ್ಸ್ ತಂತ್ರವನ್ನು ಕಂಡುಹಿಡಿದು, 1942ರ ಅಕ್ಟೋಬರ್‌ನಲ್ಲಿ ಪೇಟೆಂಟ್ ಪಡೆದರು. ದೊಡ್ಡ ದೊಡ್ಡ ಕಂಪನಿಗಳು ಬೇಡವೆಂದವು. ಅಮೆರಿಕದಲ್ಲಿ ಆಗ ಪೇಟೆಂಟ್ ಅವಧಿ 17 ವರ್ಷ. ಕಚೇರಿ ಕೆಲಸದ ರೀತಿಯನ್ನೇ ಬದಲಿಸಿದ 'ಜೆರಾಕ್ಸ್ 914' ಯಂತ್ರ ಬಂದದ್ದು 1959ರ ಸೆಪ್ಟೆಂಬರ್‌ನಲ್ಲಿ. ಮೂಲ ಪೇಟೆಂಟ್ ಮುಗಿಯಲು ಕೆಲವೇ ವಾರಗಳಿದ್ದಾಗ. ಆ ನಡುವೆ ಪಡೆದಿದ್ದ ಸುಧಾರಣೆಗಳ ಪೇಟೆಂಟ್‌ಗಳು ಕಂಪನಿಯ ಕೈಹಿಡಿದವು.

ನಮ್ಮ ಲೆಕ್ಕ ಹೇಗಿರಬೇಕು?

ಈ ಚರ್ಚೆ ನಮಗೇಕೆ ಎನ್ನುವಂತಿಲ್ಲ. ಔಷಧದ ಬೆಲೆಯಲ್ಲಿ ಇದು ಬಡವನ ಮನೆ ಬಾಗಿಲಿಗೇ ಬರುತ್ತದೆ. ಹಳೆಯ ಔಷಧದ ರೂಪ ಸ್ವಲ್ಪ ಬದಲಿಸಿದ ಮಾತ್ರಕ್ಕೆ ಹೊಸ ಪೇಟೆಂಟ್ ಸಲ್ಲದು, ರೋಗ ಗುಣಪಡಿಸುವ ಶಕ್ತಿ ಹೆಚ್ಚಿರಬೇಕು ಎನ್ನುತ್ತದೆ ನಮ್ಮ ಕಾಯಿದೆಯ 3(ಡಿ) ಕಲಮು. ರಕ್ತದ ಕ್ಯಾನ್ಸರ್‌ಗೆ ಕೊಡುವ ಗ್ಲಿವೆಕ್ ಔಷಧದ ವಿಚಾರದಲ್ಲಿ ನೊವಾರ್ಟಿಸ್ ಕಂಪನಿಯ ಮನವಿಯನ್ನು ಸುಪ್ರೀಂ ಕೋರ್ಟ್ 2013ರ ಏಪ್ರಿಲ್ 1ರಂದು ತಳ್ಳಿಹಾಕಿದ್ದು ಇದೇ ಕಲಮಿನ ಆಧಾರದ ಮೇಲೆ. ಭಾರತೀಯ ಕಂಪನಿಗಳು ಅದೇ ಔಷಧವನ್ನು ಬಹಳ ಅಗ್ಗವಾಗಿ ತಯಾರಿಸುವುದಕ್ಕೆ ಅಡ್ಡಿಯಾಗಲಿಲ್ಲ.

ಬಾಗಿಲಲ್ಲೇ ಜರಡಿ ಹಿಡಿದ ನಾವು, ಒಳಗೆ ಬಂದದ್ದನ್ನು ಮಾತ್ರ ತಲೆಲೆಕ್ಕ ಹಾಕಿ ಸುಮ್ಮನಾಗುತ್ತೇವೆ. 2023-24ರಲ್ಲಿ ದೇಶದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಪೇಟೆಂಟ್‌ಗಳನ್ನು ನೀಡಲಾಯಿತು. ಉನ್ನತ ಶಿಕ್ಷಣ ಸಂಸ್ಥೆಗಳ ರಾಷ್ಟ್ರೀಯ ಶ್ರೇಯಾಂಕದಲ್ಲೂ ಪೇಟೆಂಟ್ ಸಂಖ್ಯೆಗೆ ಅಂಕವಿದೆ. ಸಂಖ್ಯೆಗೇ ಅಂಕ ಕೊಟ್ಟರೆ ಸಂಖ್ಯೆಯೇ ಬೆಳೆಯುತ್ತದೆ.

ಹೊಸ ಯಂತ್ರವೇನೂ ಬೇಕಿಲ್ಲ. ಪೇಟೆಂಟ್ ಬಳಕೆಯಲ್ಲಿದೆಯೇ ಎಂಬ ಹೇಳಿಕೆಯನ್ನು ಪೇಟೆಂಟ್‌ದಾರರು ಕಾಲಕಾಲಕ್ಕೆ ಸಲ್ಲಿಸಬೇಕೆಂದು ನಮ್ಮ ಕಾಯಿದೆಯೇ ಹೇಳುತ್ತದೆ. ನವೀಕರಣದ ದಾಖಲೆಯೂ ಕಚೇರಿಯಲ್ಲಿದೆ. 'ಈ ವರ್ಷ ಎಷ್ಟು ಪಡೆದಿರಿ?' ಎನ್ನುವುದರ ಜೊತೆಗೆ 'ಹತ್ತು ವರ್ಷದ ಹಿಂದೆ ಪಡೆದದ್ದರಲ್ಲಿ ಎಷ್ಟು ಬದುಕಿವೆ, ಎಷ್ಟು ಕೆಲಸಕ್ಕೆ ಬಂದಿವೆ?' ಎಂದೂ ಕೇಳಿದರೆ ಸಾಕು. ಗಟ್ಟಿಕಾಳು ತಾನೇ ಮೊರದಲ್ಲಿ ಉಳಿಯುತ್ತದೆ.