ಇಪ್ಪತ್ತೇಳನೆಯ ಚಿತ್ರ

ಮೈಸೂರು ಅರಮನೆಯ ಕಲ್ಯಾಣ ಮಂಟಪಕ್ಕೆ ಕಾಲಿಟ್ಟವರೆಲ್ಲ ಮೊದಲು ಕತ್ತೆತ್ತುತ್ತಾರೆ. ಗ್ಲಾಸ್ಗೋದ ಎರಕದ ಕಬ್ಬಿಣದ ಕಂಬಗಳು, ಅವುಗಳ ಮೇಲೆ ನವಿಲು ಬಿಡಿಸಿದ ಬಣ್ಣದ ಗಾಜಿನ ಚಾವಣಿ. ಮೊಬೈಲುಗಳೆಲ್ಲ ಮೇಲಕ್ಕೇ ತಿರುಗಿರುತ್ತವೆ. ಕಳೆದ ಆಗಸ್ಟ್ 15ರ ಮಧ್ಯಾಹ್ನ ನಾನೂ ಅಲ್ಲಿದ್ದೆ. ಸಂಜೆ ದೀಪ ಹತ್ತಿದಾಗ ಹೊರಗಿನಿಂದ ಫೋಟೊ ತೆಗೆಯುವುದೇ ನನ್ನ ಉದ್ದೇಶ. ಅಷ್ಟರವರೆಗೆ ಹೊತ್ತು ಕಳೆಯಲು ಒಳಗೆ ಹೋಗಿದ್ದೆ. ರಜೆಯ ದಿನದ ಜಂಗುಳಿ. “ನಡೀರಿ, ಮುಂದಕ್ಕೆ ನಡೀರಿ” ಎಂದು ಕಾವಲಿನವರು ಕೂಗುತ್ತಲೇ ಇದ್ದರು. ಮುಂದೆ ಹೋಗಲು ದಾರಿಯಿಲ್ಲದೆ ಒಂದು ಪಕ್ಕಕ್ಕೆ ಸರಿದು ನಿಂತೆ. ಎದುರಿಗೆ ಜಂಬೂಸವಾರಿಯ ವರ್ಣಚಿತ್ರ. ಚಿಕ್ಕಂದಿನಿಂದ ನೋಡುತ್ತ ಬಂದದ್ದೇ. ಆದರೆ ಅದರ ಜನರನ್ನು ಒಬ್ಬೊಬ್ಬರನ್ನಾಗಿ ನೋಡಿದ್ದು ಅಂದೇ.

ಅಲ್ಲಿರುವುದು ಇಪ್ಪತ್ತಾರು ಚಿತ್ರಗಳ ಮಾಲೆ. ದಸರಾ ಮೆರವಣಿಗೆಯೇ ಮುಖ್ಯ. ಅರಮನೆಯ ಇತರ ಉತ್ಸವಗಳೂ ಇವೆ. 1934ರಿಂದ 1945ರವರೆಗೆ ವೈ. ಸುಬ್ರಹ್ಮಣ್ಯರಾಜು, ಕೇಶವಯ್ಯ, ನಾಗರಾಜು ಮೊದಲಾದ ಆಸ್ಥಾನ ಕಲಾವಿದರು ಬರೆದವು. ಇವುಗಳನ್ನು ಬರೆದದ್ದು ಕಲ್ಪನೆಯಿಂದಲ್ಲ, ನಿಜವಾದ ಮೆರವಣಿಗೆಯ ಫೋಟೊಗಳನ್ನು ಮುಂದಿಟ್ಟುಕೊಂಡು. ಈ ಸಂಗತಿ ಎಲ್ಲೋ ಓದಿ ಗೊತ್ತಿದ್ದರೂ ಮನಸ್ಸಿಗೆ ಇಳಿದಿರಲಿಲ್ಲ. ಅಂದು ಗೋಡೆಯ ಮುಂದೆ ನಿಂತಾಗ ಇಳಿಯಿತು. ಮನಸ್ಸಿನಿಂದ ಗುಂಪು ಬರೆಯುವ ಚಿತ್ರಕಾರ ಹತ್ತು ಮುಖ ಬರೆದು ಉಳಿದದ್ದನ್ನು ಅದೇ ಅಚ್ಚಿನಲ್ಲಿ ತುಂಬಿಸಿಬಿಡಬಹುದು. ಇಲ್ಲಿ ಹಾಗಿಲ್ಲ. ಪೇಟದ ಕೆಳಗಿನ ಒಂದೊಂದು ಮುಖವೂ ಬೇರೆ. ಇವರೆಲ್ಲ ಒಂದು ಕಾಲದಲ್ಲಿ ಮೈಸೂರಿನ ಬೀದಿಯಲ್ಲಿ ನಡೆದವರು, ರಸ್ತೆ ಬದಿಯಲ್ಲಿ ಆನೆಗಾಗಿ ಕಾದವರು.

ಈ ಚಿತ್ರಗಳ ವಿಷಯದಲ್ಲಿ ನನ್ನನ್ನು ಈಗಲೂ ಕಾಡುವುದು ಬಣ್ಣ. ಆ ಕಾಲದ ಫೋಟೊ ಎಂದರೆ ಕಪ್ಪು ಬಿಳುಪು. ಯಾರು ಎಲ್ಲಿ ನಿಂತಿದ್ದರು, ಆನೆ ಎಷ್ಟು ದೂರದಲ್ಲಿತ್ತು, ಬಾವುಟ ಯಾವ ಕಡೆ ವಾಲಿತ್ತು ಎಂಬುದನ್ನು ಫೋಟೊ ಹೇಳುತ್ತದೆ. ಜೂಲಿನ ಕೆಂಪು ಎಂಥ ಕೆಂಪು, ಸಂಜೆ ಬಿಸಿಲಲ್ಲಿ ಅಂಬಾರಿಯ ಚಿನ್ನ ಹೇಗೆ ಕಾಣುತ್ತದೆ ಎಂಬುದನ್ನು ಹೇಳಲಾರದು. ಅದನ್ನು ಹೇಳಬಲ್ಲವರು ವರ್ಷ ವರ್ಷವೂ ಆ ಮೆರವಣಿಗೆಯನ್ನು ಕಣ್ಣಾರೆ ಕಂಡ ಊರಿನವರು ಮಾತ್ರ. ಹಾಗಾಗಿ ಈ ಚಿತ್ರಗಳಲ್ಲಿ ಗೆರೆ ಕ್ಯಾಮೆರಾದ್ದು, ಬಣ್ಣ ನೆನಪಿನದು. ಅರಮನೆಗೆ ಬರುವ ಪ್ರವಾಸಿಗರಿಗೆ ಚಿನ್ನದ ಅಂಬಾರಿಯ ಏಳುನೂರೈವತ್ತು ಕಿಲೊ ತೂಕವನ್ನು ಎಲ್ಲರೂ ಹೇಳುತ್ತಾರೆ. ನನ್ನ ಮಟ್ಟಿಗೆ ಅರಮನೆಯ ನಿಜವಾದ ಸಂಪತ್ತು ಈ ಗೋಡೆ. ಮೈಸೂರಿನ ಸಾಮಾನ್ಯ ಜನರ ಮುಖಗಳು ಇಷ್ಟು ಸಂಖ್ಯೆಯಲ್ಲಿ, ಇಷ್ಟು ಗೌರವದಿಂದ ಚಿತ್ರಿತವಾದ ಇನ್ನೊಂದು ಜಾಗವನ್ನು ನಾನು ನೋಡಿಲ್ಲ.

ಚಿತ್ರದ ಅಂಬಾರಿಯಲ್ಲಿ ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರು ಕುಳಿತಿದ್ದಾರೆ. 1940ರ ಆಗಸ್ಟ್ 3ರಂದು ಅವರು ತೀರಿಕೊಂಡರು. ಚಿತ್ರಮಾಲೆ ಮುಗಿದದ್ದು ಅದಾದ ಐದು ವರ್ಷಕ್ಕೆ. ತಮ್ಮ ಕಾಲದ ಹಬ್ಬ ಇಪ್ಪತ್ತಾರು ಚಿತ್ರಗಳಾಗಿ ಪೂರ್ತಿಗೊಂಡದ್ದನ್ನು ಅವರೇ ನೋಡಲಿಲ್ಲ. ಈ ಲೆಕ್ಕವನ್ನು ಮನಸ್ಸಿನಲ್ಲೇ ಹಾಕುತ್ತಿದ್ದಾಗ ಇನ್ನೊಂದು ಲೆಕ್ಕ ತಾನಾಗಿ ಎದ್ದು ಬಂತು. ಮಾಲೆ ಮುಗಿದದ್ದು 1945ರಲ್ಲಿ. ಎರಡೇ ವರ್ಷ ಕಳೆದು, 1947ರಲ್ಲಿ, ಇದೇ ಅರಮನೆಯ ಕಡೆಗೆ ಇನ್ನೊಂದು ಬಗೆಯ ಮೆರವಣಿಗೆ ಹೊರಟಿತು. ಅದರ ಮುಂದೆ ಆನೆ ಇರಲಿಲ್ಲ. ಜನರ ಕೈಯಲ್ಲಿ ತ್ರಿವರ್ಣ ಧ್ವಜವಿತ್ತು. ಆ ಮೆರವಣಿಗೆಯ ಚಿತ್ರ ಈ ಗೋಡೆಯಲ್ಲಿಲ್ಲ.

ಕಥೆ ಗೊತ್ತಿರುವವರಿಗೆ ಮತ್ತೆ ವಿಸ್ತರಿಸಬೇಕಿಲ್ಲ. 1947ರ ಆಗಸ್ಟ್ 9ರಂದು ಮಹಾರಾಜ ಜಯಚಾಮರಾಜ ಒಡೆಯರು ಭಾರತ ಒಕ್ಕೂಟಕ್ಕೆ ಸೇರುವ ಪತ್ರಕ್ಕೆ ಸಹಿ ಹಾಕಿದರು. ಆಗಸ್ಟ್ 15 ಬಂತು. ಆದರೆ ಮೈಸೂರು ಸಂಸ್ಥಾನದಲ್ಲಿ ದಿವಾನ್ ಆರ್ಕಾಟ್ ರಾಮಸ್ವಾಮಿ ಮೊದಲಿಯಾರರ ಆಡಳಿತ ಹಾಗೆಯೇ ಮುಂದುವರಿಯಿತು; ಜನರು ಆರಿಸಿದ ಸರ್ಕಾರ ಬರಲಿಲ್ಲ. ದೇಶಕ್ಕೆ ಬಂದ ಸ್ವಾತಂತ್ರ್ಯ ನಮ್ಮೂರಿಗೆ ಯಾವಾಗ ಎಂದು ಕೇಳಿ ಮೈಸೂರು ಕಾಂಗ್ರೆಸ್ ಸೆಪ್ಟೆಂಬರ್ ಒಂದರಿಂದ ಸತ್ಯಾಗ್ರಹಕ್ಕೆ ಇಳಿಯಿತು. ‘ಮೈಸೂರು ಚಲೋ’ ಎಂದು ಹೆಸರಾದದ್ದು ಅದೇ. ಕೆ.ಸಿ. ರೆಡ್ಡಿ ಮುಂತಾದ ನಾಯಕರು ಮುಂದೆ ನಿಂತರು. ವಿದ್ಯಾರ್ಥಿಗಳು ತರಗತಿ ಬಿಟ್ಟು ಬೀದಿಗೆ ಬಂದರು. ‘ಆರ್ಕಾಟ್ ಬಾಯ್ಕಾಟ್’ ಎಂಬ ಘೋಷಣೆ ಮನೆಮಾತಾಯಿತು. ಕೊನೆಗೆ ಅರಮನೆ ಮಣಿಯಿತು. ಅಕ್ಟೋಬರ್ ಕೊನೆಯ ವಾರ ಕೆ.ಸಿ. ರೆಡ್ಡಿಯವರ ಮಂತ್ರಿಮಂಡಲ ಅಧಿಕಾರಕ್ಕೆ ಬಂತು. ಜನರಿಗೆ ಉತ್ತರ ಕೊಡಬೇಕಾದ ‘ಜವಾಬ್ದಾರಿ ಸರ್ಕಾರ’ ಎಂಬ ಮಾತು ಆ ತಲೆಮಾರಿನವರ ಬಾಯಲ್ಲಿ ಎಷ್ಟು ತೂಕದಿಂದ ಬರುತ್ತಿತ್ತು ಎಂಬುದನ್ನು ಕೇಳಿದವರು ಬಲ್ಲರು.

ಇದಕ್ಕೆ ಮೊದಲೇ ಈ ಸಂಸ್ಥಾನದಲ್ಲಿ ಬಾವುಟ ಏರಿಸುವುದೇ ಒಂದು ಹೋರಾಟವಾಗಿತ್ತು. 1938ರ ಏಪ್ರಿಲ್‌ನಲ್ಲಿ ಮದ್ದೂರಿನ ಪಕ್ಕದ ಶಿವಪುರದಲ್ಲಿ ನಿಷೇಧ ಮುರಿದು ಧ್ವಜ ಹಾರಿತು. ಅದೇ ತಿಂಗಳು ವಿದುರಾಶ್ವತ್ಥದಲ್ಲಿ ಗುಂಡು ಹಾರಿತು, ಜನ ಸತ್ತರು. ಶಿವಪುರದಲ್ಲಿ ಸತ್ಯಾಗ್ರಹ ಸೌಧವಿದೆ, ವಿದುರಾಶ್ವತ್ಥದಲ್ಲಿ ಸ್ಮಾರಕವಿದೆ. ಎರಡೂ ಊರಿನವರು ತಮ್ಮ ಜಾಗವನ್ನು ಅಭಿಮಾನದಿಂದ ತೋರಿಸುತ್ತಾರೆ. ಮೈಸೂರಿನವರಾದ ನಾವು ಯಾವುದನ್ನು ತೋರಿಸುತ್ತೇವೆ? ಅರಮನೆಯನ್ನು. ಸ್ವಾತಂತ್ರ್ಯ ದಿನದಂದೂ ಅರಮನೆಯನ್ನೇ.

ಅರಮನೆಯ ಬಗ್ಗೆ ನನಗೆ ಕಿಂಚಿತ್ತೂ ಅಸಡ್ಡೆಯಿಲ್ಲ. ಮರದ ಹಳೆಯ ಅರಮನೆ 1897ರಲ್ಲಿ ರಾಜಕುಮಾರಿ ಜಯಲಕ್ಷ್ಮಮ್ಮಣ್ಣಿಯವರ ಮದುವೆಯ ಹೊತ್ತಿನಲ್ಲಿ ಸುಟ್ಟುಹೋದ ಮೇಲೆ ಹೆನ್ರಿ ಇರ್ವಿನ್ ನಕ್ಷೆ ಹಾಕಿ, 1912ಕ್ಕೆ ಮುಗಿಸಿಕೊಟ್ಟ ಈ ಕಟ್ಟಡದ ಗೋಪುರಗಳನ್ನು ನಾನು ಎಷ್ಟು ಸಲ ಕ್ಯಾಮೆರಾದಲ್ಲಿ ಹಿಡಿದರೂ ದಣಿದಿಲ್ಲ. ಅಂದು ಸಂಜೆಯೂ ಸುಮಾರು ಒಂದು ಲಕ್ಷ ಬಲ್ಬುಗಳು ಒಂದೇ ಕ್ಷಣಕ್ಕೆ ಹತ್ತಿದಾಗ ಮೈದಾನದಲ್ಲಿದ್ದ ಜನರೆಲ್ಲ ‘ಓ’ ಎಂದರು, ನಾನೂ ಎಂದೆ.

ಆದರೆ ಹಬ್ಬವೊಂದು ಜನರ ಮನಸ್ಸಿನಲ್ಲಿ ನಿಲ್ಲುವುದು ಅದರ ಚಿತ್ರದಿಂದ. ಅಮೆರಿಕದವರ ಸ್ವಾತಂತ್ರ್ಯ ದಿನವಾದ ಜುಲೈ 4ನ್ನು ನೋಡಿ. ಆ ದಿನ ಎಂದೊಡನೆ ಅವರ ಕಣ್ಣಿಗೆ ಬರುವುದು ಜಾನ್ ಟ್ರಂಬುಲ್ ಬರೆದ ದೊಡ್ಡ ವರ್ಣಚಿತ್ರ. 1826ರಿಂದ ವಾಷಿಂಗ್ಟನ್ನಿನ ಕ್ಯಾಪಿಟಲ್ ಕಟ್ಟಡದಲ್ಲಿದೆ. ಅದರಲ್ಲಿರುವುದು ಜುಲೈ 4 ಅಲ್ಲವೇ ಅಲ್ಲ, 1776ರ ಜೂನ್ 28. ಸ್ವಾತಂತ್ರ್ಯ ಘೋಷಣೆಯ ಕರಡನ್ನು ಸಭೆಯ ಮುಂದಿಟ್ಟ ದಿನ. ಆದರೂ ಎರಡು ಶತಮಾನದಿಂದ ಒಂದು ದೇಶದ ರಜಾದಿನಕ್ಕೆ ಅದೇ ಮುಖವಾಗಿದೆ. ಚಿತ್ರ ಇರುವ ಕಡೆಗೆ ನೆನಪು ಹರಿಯುತ್ತದೆ. ನಮ್ಮ ದಸರೆ ಉಳಿದದ್ದೂ ಹಾಗೆಯೇ. 1971ರಲ್ಲಿ ರಾಜಧನ ರದ್ದಾಯಿತು, ಅಂಬಾರಿಯಲ್ಲಿ ರಾಜರ ಬದಲು ಚಾಮುಂಡೇಶ್ವರಿ ಕುಳಿತಳು, ಅದು ಸರ್ಕಾರ ನಡೆಸುವ ನಾಡಹಬ್ಬವಾಯಿತು. ಇಷ್ಟೆಲ್ಲ ಬದಲಾದರೂ ಮೆರವಣಿಗೆ ಹೇಗಿರಬೇಕು ಎಂಬ ಕಲ್ಪನೆ ನಮ್ಮಲ್ಲಿ ಅಳಿಸಲಿಲ್ಲ. ಅದರಲ್ಲಿ ಆ ಇಪ್ಪತ್ತಾರು ಚಿತ್ರಗಳ ಪಾಲು ಸಣ್ಣದಲ್ಲ.

ಮರುದಿನ ಬೆಳಿಗ್ಗೆ ಕ್ಯಾಮೆರಾ ಹಿಡಿದು ಸುಬ್ಬರಾಯನಕೆರೆಗೆ ಹೋದೆ. ಕೆರೆಯೆಂದರೆ ಹೆಸರಿಗೆ ಮಾತ್ರ. ನೀರು ಹೋಗಿ ಬಹಳ ಕಾಲವಾಯಿತು, ಈಗ ಸ್ವಾತಂತ್ರ್ಯ ಹೋರಾಟಗಾರರ ಹೆಸರಿನ ಉದ್ಯಾನ. ಚಳವಳಿಯ ದಿನಗಳಲ್ಲಿ ಸಭೆ, ಭಾಷಣ ನಡೆಯುತ್ತಿದ್ದುದು ಇಲ್ಲಿ. ವಾಕಿಂಗ್ ಮುಗಿಸಿ ಕುಳಿತಿದ್ದ ಹಿರಿಯರೊಬ್ಬರು ಕ್ಯಾಮೆರಾ ನೋಡಿ, “ಏನಪ್ಪಾ, ಇಲ್ಲಿ ಏನು ಫೋಟೊ ತೆಗೀತೀಯ?” ಎಂದು ಕೇಳಿದರು. ಹೇಳಿದೆ. ಅವರ ಮುಖ ಅರಳಿತು. “ನಮ್ಮಪ್ಪ ಇಲ್ಲಿ ಭಾಷಣ ಕೇಳೋಕೆ ಬರ್ತಿದ್ರಂತೆ ಕಣಪ್ಪ. ಮನೇಲಿ ಹೇಳ್ದೆ ಬರ್ತಿದ್ರಂತೆ” ಎಂದರು. ಅವರ ಫೋಟೊ ತೆಗೆದೆ. ಆ ಎರಡು ದಿನಗಳಲ್ಲಿ ತೆಗೆದ ಎಲ್ಲ ಚಿತ್ರಗಳಲ್ಲಿ ನನಗೆ ಹೆಚ್ಚು ಪ್ರಿಯವಾದದ್ದು ಅದೇ.

ಅಲ್ಲಿಂದ ರಾಮಸ್ವಾಮಿ ಸರ್ಕಲ್. ದಿನವೂ ಬಸ್ಸಿನಲ್ಲಿ ಕಂಡಕ್ಟರು ಕೂಗುವ ಹೆಸರು, ಆಟೊದವರಿಗೆ ನಾವು ಹೇಳುವ ಗುರುತು. 1947ರ ಸೆಪ್ಟೆಂಬರಿನ ಆ ಚಳವಳಿಯಲ್ಲಿ ಗುಂಡೇಟಿಗೆ ಪ್ರಾಣ ಬಿಟ್ಟ ವಿದ್ಯಾರ್ಥಿ ರಾಮಸ್ವಾಮಿ. ದೇಶ ಸ್ವತಂತ್ರವಾದ ಮೇಲೆ, ದೆಹಲಿಯಲ್ಲಿ ತ್ರಿವರ್ಣ ಧ್ವಜ ಏರಿದ ಮರುತಿಂಗಳಲ್ಲೇ, ಸ್ವಾತಂತ್ರ್ಯಕ್ಕಾಗಿ ಸತ್ತ ಹುಡುಗ. ಸಿಗ್ನಲ್ ಬಿಟ್ಟೊಡನೆ ವಾಹನಗಳು ನುಗ್ಗುವ ಆ ಜಾಗದಲ್ಲಿ ಕ್ಯಾಮೆರಾ ಹಿಡಿದು ನಿಲ್ಲುವುದು ಸುಲಭವಲ್ಲ. ಆದರೂ ನಿಲ್ಲಬೇಕು. ಶಾಲೆಯ ಮಕ್ಕಳನ್ನು ಕರೆತಂದು ನಿಲ್ಲಿಸಬೇಕು. ಮೈಸೂರಿನ ಆಗಸ್ಟ್ 15 ಪೂರ್ತಿಯಾದದ್ದು ಅಕ್ಟೋಬರಿನಲ್ಲಿ, ಅದಕ್ಕೆ ಇವನಂಥವರು ಜೀವ ತೆತ್ತರು ಎಂದು ಅಲ್ಲೇ ಹೇಳಬೇಕು.

ಮೈಸೂರಿನಲ್ಲಿ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿ ಇದೆ, ಒಳ್ಳೆಯ ಕೈಗಳಿವೆ. ಹಿಂದಿನವರು ಮಾಡಿದಂತೆಯೇ, ಸಿಕ್ಕ ಫೋಟೊಗಳನ್ನೂ ಮನೆಮನೆಯ ನೆನಪುಗಳನ್ನೂ ಕೂಡಿಸಿಕೊಂಡು ‘ಮೈಸೂರು ಚಲೋ’ ಮೆರವಣಿಗೆಯನ್ನು ಅಷ್ಟೇ ದೊಡ್ಡ ಕ್ಯಾನ್ವಾಸಿನಲ್ಲಿ ಬರೆಯಲು ಸಾಧ್ಯವಿದೆ. ಅದನ್ನು ಕಲ್ಯಾಣ ಮಂಟಪದಲ್ಲಿ ತೂಗುಹಾಕಲು ಆಗದಿದ್ದರೆ ಪುರಭವನದಲ್ಲಿ ಹಾಕಲಿ. ನಿಮ್ಮ ಮನೆಯ ಹಳೆಯ ಟ್ರಂಕಿನಲ್ಲಿ 1947ರ ಮೈಸೂರಿನ ಒಂದಾದರೂ ಫೋಟೊ ಇದ್ದರೆ ದಯವಿಟ್ಟು ಹೊರಗೆ ತೆಗೆಯಿರಿ. ಅದರ ಹಿಂದೆ ಯಾರು, ಎಲ್ಲಿ, ಯಾವ ದಿನ ಎಂದು ಗೊತ್ತಿರುವ ಹಿರಿಯರನ್ನು ಕೇಳಿ ಪೆನ್ಸಿಲಿನಲ್ಲಿ ಬರೆದಿಡಿ.